ಮೀನಿನ ತೂಕ, ಮಾತಿನ ತೂಕ

ಗಾಳ ಹಾಕುವವನ ಮಾತಿನಲ್ಲಿ ಲೋಕಕ್ಕೆ ನಂಬಿಕೆ ಕಡಮೆ. ತಪ್ಪಿಸಿಕೊಂಡುಹೋದ ಮೀನು ಹಿಡಿದ ಮೀನಿಗಿಂತ ಯಾವಾಗಲೂ ದೊಡ್ಡದು; ಮೊದಲ ಸಲ ಹೇಳುವಾಗ ಗೇಣುದ್ದ ಇದ್ದದ್ದು ಮೂರನೆಯ ಸಲಕ್ಕೆ ಮೊಳದುದ್ದ ಆಗಿರುತ್ತದೆ. ಇದನ್ನು ಯಾರೂ ಸುಳ್ಳು ಎಂದು ಕರೆಯುವುದಿಲ್ಲ. ಕೇಳುವವನು ತಾನೇ ಒಂದಿಷ್ಟು ಸೋಡಿ ಮಾಡಿಕೊಂಡು ಕೇಳುತ್ತಾನೆ, ಹೇಳುವವನಿಗೂ ಅದು ಗೊತ್ತು, ಇಬ್ಬರಿಗೂ ನಷ್ಟವಿಲ್ಲ. ಆದರೆ ಅದೇ ಮನುಷ್ಯ ಮೀನನ್ನು ತಕ್ಕಡಿಗಿಟ್ಟು, ಇಷ್ಟು ಪೌಂಡು ಇಷ್ಟು ಔನ್ಸು ಎಂದು ಬರೆದು ಸಹಿ ಹಾಕಿದನೆನ್ನಿ. ಆಗ ಕೇಳುವವನ ಮನಸ್ಸು ಬೇರೆಯಾಗುತ್ತದೆ. ಹರಟೆಗೆ ಸೋಡಿ ಉಂಟು, ಲೆಕ್ಕಕ್ಕೆ ಉಂಟೆ? ಲೆಕ್ಕ ನಿಜವಾಗಿರಬೇಕು, ಇಲ್ಲವೆ ಸುಳ್ಳಾಗಿರಬೇಕು.

ನಾನು ಒಂದು ದಿನವೂ ಗಾಳ ಹಾಕಿದವನಲ್ಲ. ಆದರೂ ಅಮೆರಿಕದಲ್ಲಿ ತೊಂಬತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಒಂದು ಮೀನಿನ ತೂಕದ ಬಗ್ಗೆ ನಡೆಯುತ್ತಿರುವ ವಿವಾದವನ್ನು ಓದಿದಾಗಿನಿಂದ ಅದು ನನ್ನ ತಲೆಯನ್ನು ಬಿಟ್ಟಿಲ್ಲ. ಇದರಲ್ಲಿ ಮೀನಿಗಿಂತ ಹೆಚ್ಚಿನದೇನೋ ಇದೆ ಎಂದು ನನಗೆ ತೋರುತ್ತದೆ. ಒಬ್ಬ ಮನುಷ್ಯ ಒಂದು ಮಾತು ಹೇಳುತ್ತಾನೆ, ಅದಕ್ಕೆ ಪುರಾವೆ ಇಲ್ಲ, ಇನ್ನು ಸಿಗುವಂತೆಯೂ ಇಲ್ಲ. ಅವನ ಬಗ್ಗೆ ನಮ್ಮ ಕರ್ತವ್ಯವೇನು? ನಂಬುವುದೆ, ನಂಬದಿರುವುದೆ, ಸುಮ್ಮನಿರುವುದೆ?

ವಿವಾದದ ಮೀನಿನ ಹೆಸರು ಲಾರ್ಜ್‌ಮೌತ್ ಬಾಸ್, ಅಗಲ ಬಾಯಿಯ ಬಾಸ್. ಸಿಹಿನೀರಿನ ಮೀನು. ಅಮೆರಿಕದ ಗಾಳಗಾರರಿಗೆ ಅದರ ಮೇಲೆ ಇರುವ ಮೋಹ ಹೊರಗಿನವರಿಗೆ ಸುಲಭವಾಗಿ ಅರ್ಥವಾಗುವಂಥದಲ್ಲ. ಕೈಗೆ ಸಿಗುವ ಬಾಸುಗಳಲ್ಲಿ ಹೆಚ್ಚಿನವು ಎರಡು ಮೂರು ಪೌಂಡಿನವು. ಹತ್ತು ಪೌಂಡಿನದು ಸಿಕ್ಕರೆ ಜನ್ಮವಿಡೀ ಹೇಳಿಕೊಳ್ಳಬಹುದು. ಹೀಗಿರುವಾಗ 1932ನೆಯ ಇಸವಿ ಜೂನ್ 2ರಂದು ಜಾರ್ಜಿಯಾ ರಾಜ್ಯದ ಜಾರ್ಜ್ ಪೆರಿ ಎಂಬ ಹಳ್ಳಿಯ ತರುಣ 22 ಪೌಂಡು 4 ಔನ್ಸಿನ ಬಾಸನ್ನು ಹಿಡಿದ. ನಮ್ಮ ಈಗಿನ ಲೆಕ್ಕದಲ್ಲಿ ಹತ್ತು ಕಿಲೋಗ್ರಾಮಿಗಿಂತ ತುಸು ಹೆಚ್ಚು. ಇಂದಿಗೂ ಅದನ್ನು ಮೀರಿದ ತೂಕ ದಾಖಲೆಯ ಪುಸ್ತಕವನ್ನು ಸೇರಿಲ್ಲ.

ಆ ದಿನದ ಕಥೆ ಸರಳವಾದದ್ದು. ಅಮೆರಿಕಕ್ಕೆ ಮಹಾ ಮುಗ್ಗಟ್ಟು ಬಡಿದಿದ್ದ ಕಾಲ. ಪೆರಿಗೆ ಆಗ ಇಪ್ಪತ್ತರ ಆಸುಪಾಸಿನ ವಯಸ್ಸು. ತಂದೆ ಹಿಂದಿನ ವರ್ಷ ತೀರಿಕೊಂಡಿದ್ದರು; ತಾಯಿ, ತಮ್ಮ ತಂಗಿಯರ ಭಾರ ಅವನ ಮೇಲೆ. ಮಳೆ ಹಿಡಿದದ್ದರಿಂದ ಅಂದು ಹೊಲದ ಕೆಲಸಕ್ಕೆ ಬಿಡುವು. ಜ್ಯಾಕ್ ಪೇಜ್ ಎಂಬ ಗೆಳೆಯನೊಡನೆ ಮಾಂಟ್ಗೊಮರಿ ಕೆರೆಗೆ ಹೊರಟ. ಕೆರೆ ಎಂದರೆ ಕಟ್ಟೆ ಕಟ್ಟಿದ ಕೆರೆಯಲ್ಲ. ಓಕ್ಮಲ್ಗೀ ನದಿ ತನ್ನ ಹಳೆಯ ಪಾತ್ರವನ್ನು ಬಿಟ್ಟು ಸರಿದಾಗ ಹಿಂದೆ ಉಳಿದ ಬಾಗಿದ ಮಡು. ಅಲ್ಲಿ ಈ ಮೀನು ಸಿಕ್ಕಿತು. ಇಬ್ಬರೂ ಅದನ್ನು ಹೆಲೀನಾ ಎಂಬ ಊರಿಗೆ ತಂದರು. ಅಂಚೆ ಕಚೇರಿಯಲ್ಲಿ, ಊರಿನವರ ಪಾರ್ಸೆಲುಗಳನ್ನು ತೂಗುವ ತಕ್ಕಡಿಯಲ್ಲಿ, ಅದರ ತೂಕವಾಯಿತು. ಉದ್ದ 32.5 ಅಂಗುಲ, ಸುತ್ತಳತೆ 28.5 ಅಂಗುಲ. ಆ ದಿನಗಳಲ್ಲಿ 'ಫೀಲ್ಡ್ ಅಂಡ್ ಸ್ಟ್ರೀಮ್' ಎಂಬ ಪತ್ರಿಕೆ ದೊಡ್ಡ ಮೀನಿನ ಸ್ಪರ್ಧೆ ನಡೆಸುತ್ತಿತ್ತು. ಪೆರಿ ಅದಕ್ಕೆ ಅರ್ಜಿ ಹಾಕಿದ, ಬಹುಮಾನವೂ ಬಂತು: 75 ಡಾಲರ್ ಬೆಲೆಯ ಸಾಮಾನು.

ಮೀನು ಏನಾಯಿತು? ಮನೆಗೆ ಹೋಯಿತು, ತಾಯಿ ಅಡುಗೆ ಮಾಡಿದರು, ಮನೆಯವರು ತಿಂದರು.

ಗಲಾಟೆಯೆಲ್ಲ ಇಲ್ಲಿಂದ ಶುರು. ಚರ್ಮಕ್ಕೆ ಹುಲ್ಲು ತುಂಬಿ ಗೋಡೆಗೆ ತೂಗುಹಾಕಿದ ಮೀನಿಲ್ಲ. ಎಲುಬಿಲ್ಲ. ಆ ಕಾಲದಲ್ಲಿ ಅಚ್ಚಾದ ಚಿತ್ರವೂ ಇಲ್ಲ. ಎಷ್ಟೋ ದಶಕಗಳ ಮೇಲೆ ಇದೇ ಆ ಮೀನು ಎಂದು ಹೇಳುವ ಹಳೆಯ ಛಾಯಾಚಿತ್ರಗಳು ಹೊರಬಂದವು. ಅವು ಬಂದಮೇಲೆ ಸಂಶಯ ಕಡಮೆಯಾಗುವ ಬದಲು, ಚಿತ್ರಗಳ ಬಗ್ಗೆ ಇನ್ನೊಂದು ಸಂಶಯ ಹುಟ್ಟಿತು. ಪೆರಿಯನ್ನು ಕೇಳೋಣವೆಂದರೆ 1974ರಲ್ಲಿ ವಿಮಾನದ ಅಪಘಾತದಲ್ಲಿ ಅವನು ತೀರಿಹೋದ. ಉಳಿದದ್ದು ಅವನ ಮಾತು, ಅರ್ಜಿಯಲ್ಲಿ ಬರೆದ ಮೂರು ಅಂಕಿ.

ಆ ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕಿ ನೋಡುವವರಿದ್ದಾರೆ. ತಕ್ಕಡಿ ಇಲ್ಲದ ಕಡೆ ಮೀನಿನ ತೂಕವನ್ನು ಅಂದಾಜು ಮಾಡಲು ಗಾಳಗಾರರಲ್ಲಿ ಸೂತ್ರಗಳಿವೆ. ಉದ್ದದ ವರ್ಗವನ್ನು ಸುತ್ತಳತೆಯಿಂದ ಗುಣಿಸಿ 1200ರಿಂದ ಭಾಗಿಸು ಎಂಬುದು ಒಂದು. ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 800ರಿಂದ ಭಾಗಿಸು ಎಂಬುದು ಇನ್ನೊಂದು. ನಾನೂ ಒಂದು ಸಂಜೆ ಕಾಗದ ಪೆನ್ಸಿಲು ಹಿಡಿದು ಕುಳಿತೆ. ಮೊದಲನೆಯದರಂತೆ ಪೆರಿಯ ಮೀನು ಸುಮಾರು 25 ಪೌಂಡು ಇರಬೇಕು; ಎರಡನೆಯದರಂತೆ 33. ಅವನು ಹೇಳಿದ್ದು ಎರಡಕ್ಕಿಂತಲೂ ಕಡಮೆ! ಸಂಶಯಪಡುವವನು ಇದನ್ನು ನೋಡಿ, 'ಅಳತೆಗೂ ತೂಕಕ್ಕೂ ಹೊಂದಿಕೆಯಿಲ್ಲ, ಆದ್ದರಿಂದ ಎಲ್ಲೋ ಸುಳ್ಳಿದೆ' ಎನ್ನುತ್ತಾನೆ. ನಂಬುವವನು ಅದನ್ನೇ ನೋಡಿ, 'ಸುಳ್ಳು ಹೇಳುವವನಾಗಿದ್ದರೆ ಲೆಕ್ಕಕ್ಕೆ ಹೊಂದುವಂತೆ ಹೇಳುತ್ತಿದ್ದ' ಎನ್ನುತ್ತಾನೆ. ಒಂದೇ ಅಂಕಿ ಇಬ್ಬರ ಕೈಯಲ್ಲೂ ಆಯುಧವಾಗುವುದಾದರೆ ಅದು ಪುರಾವೆಯಲ್ಲ. ಅಷ್ಟು ತೂಕದ ಬಾಸು ಇರಲಾರದೆಂಬ ವಾದವೂ ಈಗ ನಿಲ್ಲುವುದಿಲ್ಲ. 1991ರಲ್ಲಿ ಕ್ಯಾಲಿಫೋರ್ನಿಯಾದ ಕಸ್ಟೇಕ್ ಜಲಾಶಯದಲ್ಲಿ ಬಾಬ್ ಕ್ರೂಪಿ ಎಂಬುವನು 22 ಪೌಂಡಿನದನ್ನು ಹಿಡಿದ. ಹೌದು, ಅಲ್ಲಿನ ಬಾಸುಗಳು ಫ್ಲಾರಿಡಾದಿಂದ ತಂದು ಬಿಟ್ಟ ತಳಿಯವು, ಸರಕಾರದವರು ತಂದು ಸುರಿಯುವ ಟ್ರೌಟ್ ಮೀನನ್ನು ತಿಂದು ಕೊಬ್ಬಿದವು. ಜಾರ್ಜಿಯಾದ ಮಡುವಿಗೆ ಆ ಭಾಗ್ಯವಿರಲಿಲ್ಲ. ಆದರೂ ಅಸಾಧ್ಯ ಎಂಬ ಮಾತು ಬೇರೆ, ಅಪರೂಪ ಎಂಬ ಮಾತು ಬೇರೆ.

ನನ್ನ ಮೊದಲ ಒಲವು ಪೆರಿಯ ಕಡೆಗೇ ಇತ್ತು. ತಂದೆಯಿಲ್ಲದ ಮನೆ, ಮಳೆಯ ದಿನ, ಹಸಿದ ತಮ್ಮ ತಂಗಿಯರು. ಲೋಕದ ದಾಖಲೆಯನ್ನು ಬೇಯಿಸಿ ತಿಂದ ಮನುಷ್ಯ ಸುಳ್ಳು ಹೇಳಿಯಾನೆ? ಹೀಗೆ ಮನಸ್ಸು ಕರಗಿತು. ಆಮೇಲೆ ಈ ಕರಗುವಿಕೆಯ ಮೇಲೆಯೇ ನನಗೆ ಅನುಮಾನ ಬಂತು. ಬಡವ ಸುಳ್ಳು ಹೇಳುವುದಿಲ್ಲವೆಂದು ನಂಬುವುದು ಬಡವನಿಗೆ ಮಾಡುವ ಗೌರವವಲ್ಲ. ಅವನನ್ನು ಮಗುವನ್ನಾಗಿ ಮಾಡಿ ತಲೆ ಸವರಿದ ಹಾಗೆ. 75 ಡಾಲರಿನ ಸಾಮಾನು ಎಂದರೆ ನಮಗೆ ಅಲ್ಪವಾಗಿ ಕಾಣುತ್ತದೆ. 1932ರ ಜಾರ್ಜಿಯಾದ ರೈತನ ಮನೆಗೆ ಅದು ಅಲ್ಪವಾಗಿರಲಿಲ್ಲ. ಆಸೆಗೆ ಕಾರಣವಿತ್ತು. ಹಾಗೆಂದು ಆಸೆಗೆ ಕಾರಣವಿದ್ದವರೆಲ್ಲ ಸುಳ್ಳು ಹೇಳಿದರೆಂದೂ ಅಲ್ಲ. ಒಟ್ಟಿನಲ್ಲಿ ಅವನ ಬಡತನ ಈ ತಕ್ಕಡಿಯ ಯಾವ ತಟ್ಟೆಗೂ ಒಂದು ಗುಲಗಂಜಿಯಷ್ಟು ತೂಕವನ್ನು ಸೇರಿಸುವುದಿಲ್ಲ. ಅದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಷ್ಟವಾಯಿತೆಂದು ಹೇಳಬೇಕು.

ಇಂಥ ತೊಡಕು ಹೊಸದಲ್ಲ. ಒಬ್ಬನ ಮಾತನ್ನು ಯಾವಾಗ ನಂಬಬೇಕೆಂಬುದರ ಮೇಲೆ ನಮ್ಮ ಹಿಂದಿನ ಶಾಸ್ತ್ರಕಾರರು ಶತಮಾನಗಳ ಕಾಲ ಜಗಳವಾಡಿದ್ದಾರೆ. ಜ್ಞಾನ ಹುಟ್ಟುವಾಗಲೇ ಪ್ರಮಾಣವಾಗಿ ಹುಟ್ಟುತ್ತದೆ, ಅದು ಸುಳ್ಳೆನ್ನುವವನೇ ಬಾಧಕವನ್ನು ತೋರಿಸಬೇಕು, ಇಲ್ಲವೆ ಅದು ಹುಟ್ಟಿದ ಬಗೆಯಲ್ಲಿ ದೋಷವನ್ನು ತೋರಿಸಬೇಕು ಎಂದು ಮೀಮಾಂಸಕರು. ಇಲ್ಲ, ಪ್ರಾಮಾಣ್ಯ ಹೊರಗಿನಿಂದ ಸಿದ್ಧವಾಗಬೇಕು, ದೂರದಲ್ಲಿ ಕಂಡದ್ದು ನೀರೆಂಬುದು ಕುಡಿದು ಬಾಯಾರಿಕೆ ಹೋದಾಗ ಖಚಿತ ಎಂದು ನೈಯಾಯಿಕರು. ಅಂಚೆ ಕಚೇರಿಯ ತಕ್ಕಡಿಯಲ್ಲಿ ದೋಷ ತೋರಿಸುವವರೆಗೆ ಪೆರಿಯ ಮಾತು ನಿಲ್ಲಲಿ ಎನ್ನುವವನು, ತನಗೆ ಗೊತ್ತಿಲ್ಲದೆಯೇ ಮೀಮಾಂಸಕ. ಮೀನೆಲ್ಲಿ, ತೋರಿಸು ಎನ್ನುವವನು ನೈಯಾಯಿಕ. ಯುರೋಪಿನಲ್ಲಿಯೂ ಹೀಗೆಯೇ: ಸಾಕಷ್ಟು ಆಧಾರವಿಲ್ಲದೆ ಏನನ್ನಾದರೂ ನಂಬುವುದು ಬರಿಯ ತಪ್ಪಲ್ಲ, ಪಾಪ ಎಂಬ ಅರ್ಥ ಬರುವಂತೆ ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ ಬರೆದ, ಆಧಾರಕ್ಕಾಗಿ ಕಾಯುತ್ತ ಕುಳಿತರೆ ಕೆಲವು ಸತ್ಯಗಳು ಕೈತಪ್ಪಿಹೋಗುತ್ತವೆ ಎಂದು ಅಮೆರಿಕದ ವಿಲಿಯಂ ಜೇಮ್ಸ್ 1896ರಲ್ಲಿ ಉತ್ತರ ಕೊಟ್ಟ.

ಇವರೆಲ್ಲರಲ್ಲಿ ನನಗೆ ಹಿಡಿಸಿದ್ದು ನ್ಯಾಯಭಾಷ್ಯದ ವಾತ್ಸ್ಯಾಯನನ ಒಂದು ಮಾತು. ಆಪ್ತನೆಂದರೆ ಯಾರು? ವಿಷಯವನ್ನು ತಾನು ನೇರವಾಗಿ ಕಂಡವನು, ಕಂಡದ್ದನ್ನು ಕಂಡಂತೆ ಹೇಳಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣ ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನ ಎಂದು ಅವನು ಸೇರಿಸುತ್ತಾನೆ. ಎಂಥ ಧಾರಾಳ! ಹಾಗಾದರೆ ಜಾರ್ಜಿಯಾದ ರೈತನೂ ತನ್ನ ಮೀನಿನ ಮಟ್ಟಿಗೆ ಆಪ್ತನಾಗಬಹುದು. ಆದರೆ ಲಕ್ಷಣದಲ್ಲಿ ಎರಡು ಭಾಗಗಳಿರುವುದನ್ನು ಗಮನಿಸಿ. ಕಂಡಿರಬೇಕು, ಹೇಳುವ ಇಚ್ಛೆ ಶುದ್ಧವಾಗಿರಬೇಕು. ಸಂಶಯ ಬಂದೊಡನೆ ನಾವು ಎರಡನೆಯದರ ಮೇಲೆ ಬೀಳುತ್ತೇವೆ: ಇವನು ಸುಳ್ಳುಗಾರ. ಮೊದಲನೆಯದು ತಪ್ಪಿರಬಹುದೆಂದು ನಮಗೆ ಹೊಳೆಯುವುದೇ ಇಲ್ಲ.

ಇದಕ್ಕೆ ಇನ್ನೊಂದು ಮೀನಿನ ಕಥೆ ಹೇಳಬೇಕು. ಅದು ಸ್ಮಾಲ್‌ಮೌತ್ ಬಾಸ್, ನಮ್ಮ ಬಾಸಿನ ಸೋದರಸಂಬಂಧಿ. ಕೆಂಟಕಿ, ಟೆನೆಸೀ ರಾಜ್ಯಗಳ ಗಡಿಯಲ್ಲಿರುವ ಡೇಲ್ ಹಾಲೋ ಜಲಾಶಯದಲ್ಲಿ 1955ರ ಜುಲೈಯಲ್ಲಿ ಡೇವಿಡ್ ಹೇಯ್ಸ್ ಎಂಬಾತ ಹಿಡಿದದ್ದು. ತೂಕ 11 ಪೌಂಡು 15 ಔನ್ಸು. ಅದೂ ಲೋಕದ ದಾಖಲೆಯಾಯಿತು. ಆದರೆ ಅದೇ ವರ್ಷ, ಅಲ್ಲಿನ ದೋಣಿಕಟ್ಟೆಯ ಕೆಲಸಗಾರನೊಬ್ಬ ಪ್ರಮಾಣಮಾಡಿ ಒಂದು ಹೇಳಿಕೆಯನ್ನು ಬರೆದುಕೊಟ್ಟಿದ್ದ: ಆ ಮೀನಿನೊಳಗೆ ಮೂರು ಪೌಂಡಿನಷ್ಟು ಲೋಹದ ಚೂರುಗಳನ್ನು ತಾನೇ ತುರುಕಿದೆ, ನಿಜವಾದ ತೂಕ 8 ಪೌಂಡು 15 ಔನ್ಸು ಎಂದು. ಕಾಗದ ಸರಕಾರಿ ಕಡತದಲ್ಲಿ ಸೇರಿ ದಶಕಗಳ ಕಾಲ ಮಲಗಿತ್ತು. ಅದು ಬೆಳಕಿಗೆ ಬಂದಾಗ, 1996ರಲ್ಲಿ, ಹೇಯ್ಸನ ದಾಖಲೆಯನ್ನು ಕಿತ್ತುಹಾಕಿದರು. ಮತ್ತೆ ವಿಚಾರಣೆಯಾಗಿ 2005ರಲ್ಲಿ ತಿರುಗಿ ಕೊಟ್ಟರು.

ಇಲ್ಲಿ ಒಂದು ಮಾತನ್ನು ಇನ್ನೊಂದು ಮಾತು ಎದುರಿಸಿದೆ. ಹೇಯ್ಸನ ಮಾತಿಗೆ ಪುರಾವೆ ಸಾಲದೆಂದವರು ಕೆಲಸಗಾರನ ಮಾತಿಗೆ ಪುರಾವೆ ಕೇಳಿದರೆ? ಆಪಾದನೆಯೂ ಒಂದು ಮಾತೇ. ಅದರ ಮೀನೂ ಕಣ್ಣಮುಂದಿಲ್ಲ. ಆದರೆ ಆಪಾದನೆಯ ಮಾತಿಗೆ ಏನೋ ಒಂದು ಗತ್ತಿರುತ್ತದೆ, ಅದು ಯಾರದೋ ಮುಸುಕನ್ನು ಎಳೆಯುವ ಹಾಗೆ ಕಾಣುತ್ತದೆ. ಹೊಗಳಿಕೆಯನ್ನು ಪರೀಕ್ಷಿಸುವ ನಾವು ದೂರನ್ನು ಪರೀಕ್ಷಿಸುವುದು ಕಡಮೆ. ಇನ್ನೂ ಒಂದು ಸಂಗತಿ. ಕೆಲಸಗಾರ ಹೇಳಿದ್ದು ಪೂರ್ತಿ ನಿಜವೆಂದೇ ಇಟ್ಟುಕೊಳ್ಳಿ. ಹಾಗಿದ್ದರೂ ಹೇಯ್ಸ್ ಪ್ರಾಮಾಣಿಕನಾಗಿರಬಹುದಷ್ಟೆ! ತಕ್ಕಡಿ ತೋರಿಸಿದ್ದನ್ನು ಓದಿದ, ಓದಿದ್ದನ್ನು ಹೇಳಿದ. ತೂಕ ಸುಳ್ಳಾಗಿ ಮನುಷ್ಯ ನಿಜವಾಗಿ ಉಳಿಯಬಹುದು. ಆದರೆ ಒಂಬತ್ತು ವರ್ಷ ಜನ ಅವನ ಹೆಸರನ್ನು ಹೇಳುವಾಗ ಈ ಭೇದವನ್ನು ಮಾಡಿದರೆಂದು ನನಗೆ ತೋರುವುದಿಲ್ಲ. ಮೀನನ್ನು ಪಟ್ಟಿಯಿಂದ ತೆಗೆದರೆಂದರೆ ಮನುಷ್ಯನನ್ನು ಮರ್ಯಾದೆಯಿಂದ ತೆಗೆದರೆಂದೇ ಊರು ಓದಿಕೊಳ್ಳುತ್ತದೆ.

ಹಾಗಾದರೆ ಸಂಶಯವನ್ನೇ ಬಿಟ್ಟುಬಿಡೋಣವೆ? ಅದೂ ಆಗದು. 2022ರ ಸೆಪ್ಟೆಂಬರ್ ಕೊನೆಯಲ್ಲಿ ಈರಿ ಸರೋವರದ ದಡದಲ್ಲಿ, ಕ್ಲೀವ್‌ಲ್ಯಾಂಡಿನಲ್ಲಿ, ವಾಲ್ಐ ಮೀನಿನ ಪಂದ್ಯ ನಡೆಯಿತು. ಗೆದ್ದವರ ಮೀನುಗಳು ನೋಟಕ್ಕೆ ಇದ್ದುದಕ್ಕಿಂತ ತಕ್ಕಡಿಯಲ್ಲಿ ಭಾರವಾಗಿದ್ದುವು. ಪಂದ್ಯದ ಮುಖ್ಯಸ್ಥ ಎಲ್ಲರೆದುರಿಗೆ ಮೀನಿನ ಹೊಟ್ಟೆ ಸೀಳಿದ. ಒಳಗೆ ಸೀಸದ ಗುಂಡುಗಳೂ ಬೇರೆ ಮೀನಿನ ತುಂಡುಗಳೂ ಇದ್ದುವು. ತಪ್ಪನ್ನು ಅವರು ನ್ಯಾಯಾಲಯದಲ್ಲಿ ಒಪ್ಪಿಕೊಂಡರು, ಮರುವರ್ಷ ಜೈಲಿನ ಶಿಕ್ಷೆಯೂ ಆಯಿತು. ಆ ದಿನ ಸಂಶಯಪಟ್ಟವನು ಸೌಜನ್ಯಕ್ಕಾಗಿ ಸುಮ್ಮನಿದ್ದಿದ್ದರೆ, ನೆಟ್ಟಗೆ ಗಾಳ ಹಾಕಿದ ಉಳಿದವರೆಲ್ಲರಿಗೂ ಅನ್ಯಾಯವಾಗುತ್ತಿತ್ತು. ಸೀಳಿ ನೋಡಲು ಮೀನು ಇರುವಾಗ ಸೀಳಿ ನೋಡಬೇಕು. ಇದರಲ್ಲಿ ತರ್ಕವೇನೂ ಬೇಕಿಲ್ಲ.

ಕಷ್ಟ ಬರುವುದು ಸೀಳಲು ಮೀನಿಲ್ಲದಾಗ. ಮೀನು ಏಕಿಲ್ಲ ಎಂಬ ಪ್ರಶ್ನೆಯನ್ನು ನಾವು ಸಾಕಷ್ಟು ಕೇಳುವುದಿಲ್ಲ. ಪೆರಿಯ ಮೀನಿಲ್ಲದ್ದು ಹಸಿವಿನಿಂದ. ಇನ್ನು ಕೆಲವರದು ಇಲ್ಲದಿರುವುದು ಕರುಣೆಯಿಂದ. 1997ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಸ್ಪ್ರಿಂಗ್ ಲೇಕಿನಲ್ಲಿ ಪಾಲ್ ಡುಕ್ಲಾಸ್ ಎಂಬುವನಿಗೆ ಭಾರಿ ಬಾಸು ಸಿಕ್ಕಿತು. ಅವನ ಬಳಿ ಇದ್ದದ್ದು ಮನೆಯಲ್ಲಿ ಜನ ಮೇಲೆ ನಿಂತು ತಮ್ಮ ತೂಕ ನೋಡಿಕೊಳ್ಳುವ ಯಂತ್ರ. 24 ಪೌಂಡು ಎಂದು ಅದು ತೋರಿಸಿತು. ಚಿತ್ರ ತೆಗೆದು ಮೀನನ್ನು ನೀರಿಗೆ ಬಿಟ್ಟ. ಪೆರಿಯದಕ್ಕಿಂತ ಸುಮಾರು ಎರಡು ಪೌಂಡು ಹೆಚ್ಚು, ದಾಖಲೆಯಲ್ಲಿ ಜಾಗವಿಲ್ಲ. ಅದು ಸರಿಯೇ. ಅಂಥ ಯಂತ್ರದ ಮುಳ್ಳು ಎರಡು ಪೌಂಡು ಅತ್ತಿತ್ತ ಆಡುವುದನ್ನು ಯಾರು ಬೇಕಾದರೂ ತಮ್ಮ ಮನೆಯಲ್ಲೇ ನೋಡಬಹುದು. ಆದರೆ ಒಳ್ಳೆಯ ತಕ್ಕಡಿ ಸಿಗುವವರೆಗೆ ಮೀನನ್ನು ನೀರಿನಿಂದ ಹೊರಗಿಟ್ಟಿದ್ದರೆ ಅದು ಸಾಯುತ್ತಿತ್ತು. ಅವನು ಹೆಸರನ್ನು ಬಿಟ್ಟು ಮೀನನ್ನು ಉಳಿಸಿದ. ಅದನ್ನೇ ಹಿಡಿದು, 'ಬಿಟ್ಟುಬಿಟ್ಟನಂತೆ, ಏಕೆ ಬಿಟ್ಟ?' ಎಂದು ಮೂಗೆಳೆಯುವವರಿಗೆ ಏನು ಹೇಳಬೇಕು?

ಒಂಬತ್ತು ವರ್ಷಗಳ ಮೇಲೆ ಅದೇ ರಾಜ್ಯದ ದಕ್ಷಿಣದಲ್ಲಿ, ಎಸ್ಕಾಂಡಿಡೋ ಊರಿನ ಡಿಕ್ಸನ್ ಕೆರೆಯಲ್ಲಿ, ಇನ್ನೂ ವಿಚಿತ್ರವಾದದ್ದು ನಡೆಯಿತು. 2006ರ ಮಾರ್ಚ್ 20ರಂದು ಮ್ಯಾಕ್ ವೀಕ್ಲೀ ಎಂಬುವನು ಹಿಡಿದ ಬಾಸು ಕೈತಕ್ಕಡಿಯಲ್ಲಿ 25 ಪೌಂಡು 1 ಔನ್ಸು ತೂಗಿತು. ಅದು ಊರಿಗೆ ಪರಿಚಯದ ಮೀನು. ಬಾಯ ಬಳಿ ಮಚ್ಚೆಯಂತೆ ಕಪ್ಪು ಚುಕ್ಕೆಯಿದ್ದುದರಿಂದ ಡಾಟಿ ಎಂದು ಹೆಸರು. 2003ರಲ್ಲಿ ಅವನ ಗೆಳೆಯನೊಬ್ಬ ಅದನ್ನೇ ಹಿಡಿದು ಬಿಟ್ಟಿದ್ದ, ಆಗ ಅದು 21 ಪೌಂಡು 11 ಔನ್ಸು. ಈ ಸಲ ಗಾಳ ಮೀನಿನ ಬಾಯಿಗೆ ಬಿದ್ದಿರಲಿಲ್ಲ, ಬೆನ್ನ ಬದಿಗೆ ಚುಚ್ಚಿಕೊಂಡಿತ್ತು. ಹಾಗೆ ಚುಚ್ಚಿ ಹಿಡಿದ ಮೀನನ್ನು ಇಟ್ಟುಕೊಳ್ಳಬಾರದೆಂಬುದು ಅಲ್ಲಿನ ನಿಯಮ. ತೂಗಿ, ಚಿತ್ರ ತೆಗೆದು, ಬಿಟ್ಟರು. ಸುದ್ದಿ ದೇಶವೆಲ್ಲ ಹಬ್ಬಿತು. ಅರ್ಜಿ ಹಾಕು ಎನ್ನುವವರು ಕೆಲವರು, ಹಾಕಬೇಡ ಎನ್ನುವವರು ಕೆಲವರು. ಕೊನೆಗೆ ವೀಕ್ಲೀ ಅರ್ಜಿ ಹಾಕಲಿಲ್ಲ.

ಇದು ನನಗೆ ದೊಡ್ಡದಾಗಿ ಕಾಣುತ್ತದೆ. ತನ್ನ ಕಣ್ಣಾರೆ ಕಂಡ ತೂಕ. ಅದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಆದರೂ ಇದು ಪುಸ್ತಕಕ್ಕೆ ಸೇರತಕ್ಕ ತೂಕವಲ್ಲ ಎಂದು ಒಪ್ಪಿಕೊಂಡ. ನನಗೆ ಗೊತ್ತು ಎಂಬುದಕ್ಕೂ ಲೋಕ ಒಪ್ಪಬೇಕು ಎಂಬುದಕ್ಕೂ ನಡುವೆ ಒಂದು ಗೆರೆಯಿದೆ. ನಮ್ಮಲ್ಲಿ ಹೆಚ್ಚಿನವರಿಗೆ ಆ ಗೆರೆ ಕಾಣುವುದು ಇನ್ನೊಬ್ಬರ ವಿಷಯದಲ್ಲಿ ಮಾತ್ರ.

2008ರ ಮೇ ತಿಂಗಳಲ್ಲಿ ಡಾಟಿ ಸತ್ತು ನೀರಿನ ಮೇಲೆ ತೇಲಿತು. ಚುಕ್ಕೆ ನೋಡಿ ಗುರುತು ಹಿಡಿದರು, ತೂಗಿದರು: 19 ಪೌಂಡು. ನೋಡಿದಿರಾ, ಆರು ಪೌಂಡು ಸುಳ್ಳು ಎಂದವರಿದ್ದರು. ಮೊಟ್ಟೆ ತುಂಬಿದ ಮೀನಿಗೂ ಮೊಟ್ಟೆ ಇಟ್ಟು ಬಳಲಿದ ಮೀನಿಗೂ ತೂಕದಲ್ಲಿ ಪೌಂಡುಗಟ್ಟಲೆ ವ್ಯತ್ಯಾಸವಿರುತ್ತದೆ. ಮುಪ್ಪಾಗಿ ಸತ್ತ ಪ್ರಾಣಿಯ ಕಥೆ ಹೇಳಬೇಕಾಗಿಯೇ ಇಲ್ಲ. ತೂಕವೆಂಬುದು ಮೀನಿನ ಹೆಸರಿನಂತೆ ಅದಕ್ಕೆ ಅಂಟಿಕೊಂಡಿರುವುದಲ್ಲ. ಅದು ಒಂದು ದಿನದ, ಒಂದು ಗಳಿಗೆಯ ಮಾತು. ಆ ಗಳಿಗೆ ಹೋಯಿತೆಂದರೆ ಮೀನು ಎದುರಿಗಿದ್ದರೂ ಪುರಾವೆ ಹೋದಂತೆಯೇ. ಹುಲ್ಲು ತುಂಬಿ ಗೋಡೆಗೆ ಹಾಕಿದ ಮೀನನ್ನು ಪೆರಿ ಉಳಿಸಿದ್ದರೂ ಅದು 22 ಪೌಂಡು 4 ಔನ್ಸು ತೂಗುತ್ತಿರಲಿಲ್ಲ.

ಇಷ್ಟೆಲ್ಲ ನೋಡಿದಮೇಲೆ ಪುರಾವೆಯ ಬಗ್ಗೆ ನನ್ನ ಭಾವನೆ ಸ್ವಲ್ಪ ಬದಲಾಗಿದೆ. ನಿಜ ಹೇಳುವವನ ಬಳಿ ಪುರಾವೆ ಇರಬೇಕೆಂದು ನಾವು ಎಣಿಸುತ್ತೇವೆ. ಆದರೆ ಪುರಾವೆ ತಾನಾಗಿ ಹುಟ್ಟುವ ವಸ್ತುವಲ್ಲ, ಅದನ್ನು ಮಾಡಿಟ್ಟುಕೊಳ್ಳಬೇಕು. ಮಾಡಿಟ್ಟುಕೊಳ್ಳುವವನು ಯಾರು? ನಾಳೆ ಜನ ತನ್ನನ್ನು ನಂಬುವುದಿಲ್ಲವೆಂದು ಇವತ್ತೇ ಯೋಚಿಸಿದವನು. ಪರೀಕ್ಷೆ ಮಾಡಿಸಿದ ತಕ್ಕಡಿ, ಸಾಕ್ಷಿ, ಛಾಯಾಚಿತ್ರ, ಐಸಿನ ಪೆಟ್ಟಿಗೆ ಇವೆಲ್ಲವನ್ನೂ ಜೊತೆಗೊಯ್ದವನು. ಮಳೆಯೆಂದು ಹೊಲಬಿಟ್ಟು ಕೆರೆಗೆ ಹೋದವನಿಗೆ ಆ ಸಿದ್ಧತೆ ಎಲ್ಲಿಯದು? ಮನೆಯೊಳಗೆ ಕೊಟ್ಟ ಸಾಲಕ್ಕೆ ಪತ್ರ ಬರೆಸಿಕೊಳ್ಳದವನು ಮುಂದೆ ಮೋಸಹೋದರೆ, ಪತ್ರವಿಲ್ಲದ್ದೇ ಅವನ ಸುಳ್ಳಿಗೆ ಸಾಕ್ಷಿ ಎನ್ನಲಾದೀತೆ? ನ್ಯಾಯಾಧೀಶ ಅವನ ದಾವೆಯನ್ನು ವಜಾ ಮಾಡಬಹುದು, ಮಾಡಲೇಬೇಕು. ಆದರೆ ವಜಾ ಮಾಡಿ, 'ನೀನು ಸಾಲ ಕೊಡಲೇ ಇಲ್ಲ' ಎಂದು ತೀರ್ಪು ಬರೆಯಬಾರದು. ಸಿದ್ಧವಾಗಲಿಲ್ಲ ಎಂಬುದಕ್ಕೂ ಸುಳ್ಳು ಎಂಬುದಕ್ಕೂ ಇರುವ ದೂರವನ್ನು ಕಾಯ್ದುಕೊಳ್ಳುವುದು ಸಂಶಯಪಡುವವನ ಸಾಲ. ಅದನ್ನು ತೀರಿಸದೆ ಸಂಶಯಪಡುವ ಹಕ್ಕು ಅವನಿಗಿಲ್ಲ.

ದಾಖಲೆಯ ಪುಸ್ತಕಕ್ಕೇ ಈ ವಿನಯ ಇದೆಯೆಂಬುದು ನನಗೆ ಆಮೇಲೆ ತಿಳಿಯಿತು. ಅಂತರರಾಷ್ಟ್ರೀಯ ಗಾಳದ ಮೀನುಗಾರಿಕೆ ಸಂಘ ಸಿಹಿನೀರಿನ ಮೀನುಗಳ ದಾಖಲೆಗಳನ್ನು 1978ರಲ್ಲಿ 'ಫೀಲ್ಡ್ ಅಂಡ್ ಸ್ಟ್ರೀಮ್' ಪತ್ರಿಕೆಯಿಂದ ವಹಿಸಿಕೊಂಡಿತು; ಪೆರಿಯ ಮೀನೂ ಹಾಗೆಯೇ ಅದರ ಕೈಗೆ ಬಂತು. 2009ರ ಜುಲೈ 2ರಂದು ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರೀತಾ ಎಂಬ ತರುಣ ಹಿಡಿದ ಬಾಸು 22 ಪೌಂಡು 4.97 ಔನ್ಸು ತೂಗಿತು. ಬಾಸು ಜಪಾನಿನದಲ್ಲ, 1925ರಲ್ಲಿ ಅಮೆರಿಕದಿಂದ ತಂದು ಬಿಟ್ಟದ್ದು. ಗಾಳಕ್ಕೆ ಕುರೀತಾ ಸಿಕ್ಕಿಸಿದ್ದ ಬ್ಲೂಗಿಲ್ ಮೀನೂ ಹಾಗೆಯೇ. 1960ರಲ್ಲಿ ಯುವರಾಜ ಅಕಿಹಿತೋ ಅಮೆರಿಕಕ್ಕೆ ಹೋಗಿದ್ದಾಗ ಶಿಕಾಗೋ ನಗರದ ಮೇಯರು ಕೊಟ್ಟ ಕಾಣಿಕೆ ಅದು. ಅದು ಹೆಚ್ಚಿ ದೇಶದ ಮೀನುಗಳಿಗೆ ಕಂಟಕವಾಯಿತೆಂದು, ಚಕ್ರವರ್ತಿಯಾದ ಮೇಲೆ 2007ರಲ್ಲಿ, ಅವರೇ ವಿಷಾದ ಸೂಚಿಸಿದರು. ಬೀವಾದಲ್ಲಿ ಹಿಡಿದ ಬಾಸನ್ನು ತಿರುಗಿ ನೀರಿಗೆ ಬಿಡಕೂಡದೆಂದು 2003ರಿಂದ ಅಲ್ಲಿ ಕಾನೂನಿದೆ. ಕ್ಯಾಲಿಫೋರ್ನಿಯಾದಲ್ಲಿ ಕರುಣೆಗೂ ಪುರಾವೆಗೂ ಬಿದ್ದ ಜಗಳ ಇಲ್ಲಿ ಏಳಲೇ ಇಲ್ಲ ನೋಡಿ.

ಕುರೀತಾನ ಮೀನು ಪೆರಿಯದಕ್ಕಿಂತ ಒಂದು ಔನ್ಸಿನಷ್ಟು ಹೆಚ್ಚಾಯಿತು. ಆದರೂ ಅವನು ಗೆಲ್ಲಲಿಲ್ಲ. ಇಂಥ ಮೀನಿನಲ್ಲಿ ಹಳೆಯ ದಾಖಲೆಯನ್ನು ಮುರಿಯಬೇಕಾದರೆ ಎರಡು ಔನ್ಸಾದರೂ ಹೆಚ್ಚಿರಬೇಕೆಂದು ನಿಯಮ. ಅದಕ್ಕಿಂತ ಕಡಮೆಯ ಅಂತರ ಅಂತರವೇ ಅಲ್ಲ. ತನ್ನ ತಕ್ಕಡಿಯ ಮಾತನ್ನು ಎಷ್ಟರವರೆಗೆ ನಂಬಬಹುದೆಂಬುದಕ್ಕೆ ಸಂಘ ತಾನೇ ಹಾಕಿಕೊಂಡ ಎಲ್ಲೆಯೆಂದು ನಾನು ಅದನ್ನು ಓದುತ್ತೇನೆ. ಹೀಗೆ ಇಬ್ಬರೂ ಸಮ ಎಂದು 2010ರ ಮೊದಲಲ್ಲಿ ನಿರ್ಣಯವಾಯಿತು. ಅದಕ್ಕೆ ಮೊದಲು ಕುರೀತಾನನ್ನು ಸುಳ್ಳು ಪತ್ತೆ ಯಂತ್ರದ ಪರೀಕ್ಷೆಗೂ ಕೂರಿಸಿದರು, ಅವನು ಗೆದ್ದ. ನಾಡಿ, ಉಸಿರು, ಬೆವರು ಇವನ್ನು ಅಳೆಯುವ ಯಂತ್ರ ಅದು. ಮನುಷ್ಯ ಎಷ್ಟು ಹೆದರಿದ್ದಾನೆಂದು ಹೇಳಬಲ್ಲುದು. ಮೀನು ಎಷ್ಟು ತೂಗಿತೆಂದು ಹೇಳಬಲ್ಲುದೆ? ನನ್ನನ್ನು ಅದರ ಮುಂದೆ ಕೂರಿಸಿದರೆ ನನ್ನ ಹೆಸರು ಹೇಳುವಾಗಲೂ ಮುಳ್ಳು ಕುಣಿದೀತು.

ಈಗ ಪುಸ್ತಕದಲ್ಲಿ ಎರಡು ಹೆಸರುಗಳು ಜೊತೆಯಾಗಿ ನಿಂತಿವೆ. ಒಬ್ಬನದು ಚಿತ್ರ, ಸಾಕ್ಷಿ, ಯಂತ್ರ ಎಲ್ಲವೂ ಕೂಡಿದ್ದು. ಇನ್ನೊಬ್ಬನದು ಅಂಚೆ ಕಚೇರಿಯ ತಕ್ಕಡಿ ಹೇಳಿದ್ದು, ಅವನು ಬರೆದದ್ದು. ನಾನು ಪೆರಿಯನ್ನು ನಂಬುತ್ತೇನೆಯೆ ಎಂದು ಯಾರಾದರೂ ಕೇಳಿದರೆ, ನಂಬುತ್ತೇನೆ. ಆದರೆ ಆಣೆಯಿಟ್ಟು ಹೇಳಲಾರೆ. ನಂಬದವರ ಮೇಲೆ ಜಗಳಕ್ಕೂ ಹೋಗಲಾರೆ, ಅವರು ಅವನನ್ನು ಸುಳ್ಳುಗಾರನೆಂದು ಕರೆಯುವವರೆಗೆ.

ಅವನು ಗಾಳವನ್ನು ಬಿಡಲಿಲ್ಲ. 1934ರಲ್ಲಿ ಅದೇ ಪತ್ರಿಕೆಯ ಸ್ಪರ್ಧೆಗೆ ಇನ್ನೊಂದು ಬಾಸಿನ ತೂಕವನ್ನು ಬರೆದು ಕಳಿಸಿದ. 13 ಪೌಂಡು 14 ಔನ್ಸು. ಅದಕ್ಕೂ ಬಹುಮಾನ ಬಂತು. ಬರೆದ ಕೈ ಅದೇ, ಊರಿನ ಸುತ್ತಿನ ನೀರು ಅದೇ. ಆ ಮೀನಿನ ತೂಕವನ್ನು ಹಿಡಿದು ಇಷ್ಟು ವರ್ಷ ಜಗಳವಾಡಿದವರು ನನ್ನ ಕಣ್ಣಿಗೆ ಬಿದ್ದಿಲ್ಲ. ಮಾಂಟ್ಗೊಮರಿ ಕೆರೆ ಈಗ ಹೂಳು ತುಂಬಿ ಜೌಗಾಗಿದೆ.